ಗದ್ದೆ ಇಲ್ಲದವನಿಗೆ ಎತ್ತು ಯಾಕೆ?

(ಕಾಲೇಜು ಕನ್ನಡ ಅಧ್ಯಾಪಕರ ಕಮ್ಮಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಸ್ವಲ್ಪ ಕತ್ತರಿಸಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪಾಠ ಮುಗಿಸಿ, ಪುಸ್ತಕ ಮಡಚಿ, ನಾವೆಲ್ಲ ಒಂದು ಮಾತು ಕೇಳುತ್ತೇವೆ: "ಏನಾದ್ರೂ ಡೌಟ್ ಇದೆಯಾ?" ಕ್ಲಾಸು ಗಪ್‌ಚುಪ್. ತುಂಬಾ ಹೊತ್ತು ಕಾದರೆ ಹಿಂದಿನ ಬೆಂಚಿನಿಂದ ಒಂದು ಕೈ ಏಳುತ್ತದೆ. "ಸಾರ್, ಇದು ಎಕ್ಸಾಮಿಗೆ ಬರುತ್ತಾ?" ಆಮೇಲೆ ಸ್ಟಾಫ್ ರೂಮಿಗೆ ಬಂದು, ಟೀ ಕುಡಿಯುತ್ತಾ, ಈಗಿನ ಹುಡುಗರಿಗೆ ಕುತೂಹಲವೇ ಇಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತೇವೆ.

ನನಗೆ ಆ ಮಾತಿನಲ್ಲಿ ನಂಬಿಕೆ ಇಲ್ಲ. ಅದೇ ಹುಡುಗರು ಕ್ಯಾಂಟೀನಿನಲ್ಲಿ ಕೂತು ನಿನ್ನೆ ನೋಡಿದ ಸಿನಿಮಾದ ಚರ್ಮ ಸುಲಿಯುತ್ತಿರುತ್ತಾರೆ. ಅವಳು ಯಾಕೆ ಅಲ್ಲೇ ಉಳಿದಳು? ಅವನ ಹತ್ತಿರ ಅಷ್ಟು ದುಡ್ಡು ಎಲ್ಲಿಂದ ಬಂತು? ಪೊಲೀಸರಿಗೆ ಫೋನ್ ಮಾಡಬಹುದಿತ್ತಲ್ವಾ? ಅಂದರೆ ಪ್ರಶ್ನೆ ಕೇಳುವುದು ಅವರಿಗೆ ಬರುತ್ತದೆ. ಕಾದಂಬರಿ ಮುಂದಿಟ್ಟ ಕೂಡಲೇ ಅದು ಎಲ್ಲಿಗೋ ಹೋಗುತ್ತದೆ.

ಹೋಗುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಕಾದಂಬರಿ ಅವರ ಕೈಗೆ ಬರುವ ಮೊದಲೇ ಅದರ ಪ್ರಶ್ನೆಗಳು ಬಂದಿರುತ್ತವೆ. ಒಂದು ವಾಕ್ಯದಲ್ಲಿ ಉತ್ತರಿಸಿ. ಯಾರು ಯಾರಿಗೆ ಹೇಳಿದರು. ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ. ಪಾತ್ರ ಚಿತ್ರಣ ಮಾಡಿ. ಇವೆಲ್ಲ ಗೈಡಿನಲ್ಲಿ ಉತ್ತರದ ಸಮೇತ ಇವೆ, ಮುಖ್ಯವಾದವಕ್ಕೆ ಸ್ಟಾರ್ ಗುರುತು ಬೇರೆ. ಈಗ ಮಗುವಿನ ಜಾಗದಲ್ಲಿ ನಿಂತು ನೋಡಿ. ಕೇಳುವವರು ಒಬ್ಬರು, ಉತ್ತರ ಬರೆದಿಟ್ಟವರು ಇನ್ನೊಬ್ಬರು. ಮಗುವಿಗೆ ಉಳಿದದ್ದು ಉರು ಹೊಡೆಯುವ ಕೆಲಸ ಮಾತ್ರ.

ಹಾಗಂತ ನಾಳೆಯಿಂದ "ಎಲ್ಲರೂ ಪ್ರಶ್ನೆ ಕೇಳಿ, ಧೈರ್ಯವಾಗಿ ಕೇಳಿ" ಎಂದು ಹುರಿದುಂಬಿಸಿದರೆ ಏನೂ ಆಗುವುದಿಲ್ಲ. ಪ್ರಶ್ನೆ ಕೇಳುವುದು ಧೈರ್ಯಕ್ಕಿಂತ ಜಾಸ್ತಿ ರೂಢಿಯ ವಿಷಯ. ಅದನ್ನು ರೂಢಿ ಮಾಡಿಸಲು ಒಂದು ಕ್ರಮ ಬೇಕು.

ಅಂಥ ಒಂದು ಕ್ರಮ ಅಮೆರಿಕದಲ್ಲಿ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ, ಮಕ್ಕಳು ಅರ್ಧಕ್ಕೇ ಶಾಲೆ ಬಿಡುವುದನ್ನು ತಡೆಯಲು ಒಂದು ಕಾರ್ಯಕ್ರಮ ನಡೆಯುತ್ತಿತ್ತು. ಅಲ್ಲಿನ ತಂದೆ ತಾಯಂದಿರು ಶಾಲೆಯ ಕಡೆ ತಲೆ ಹಾಕುತ್ತಿರಲಿಲ್ಲ. ಯಾಕೆ ಅಂದರೆ, ಅಲ್ಲಿಗೆ ಹೋಗಿ ಏನು ಕೇಳಬೇಕು ಅಂತಲೇ ನಮಗೆ ಗೊತ್ತಿಲ್ಲ ಎಂದರು. ಡ್ಯಾನ್ ರೋತ್‌ಸ್ಟೈನ್ ಮತ್ತು ಲೂಸ್ ಸಂಟಾನಾ ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮೊದಲು ಪ್ರಶ್ನೆಗಳ ಪಟ್ಟಿಯನ್ನೇ ಮಾಡಿ ಕೊಟ್ಟರಂತೆ. ಆದರೆ ಪಟ್ಟಿ ಕೊಟ್ಟರೆ ಜನ ಮುಂದಿನ ಸಲ ಇನ್ನೊಂದು ಪಟ್ಟಿಗೆ ಬರುತ್ತಾರೆ, ಅಷ್ಟೇ. ಆಮೇಲೆ ಪ್ರಶ್ನೆ ಮಾಡುವುದನ್ನೇ ಕಲಿಸುವ ಒಂದು ಸರಳ ವಿಧಾನ ಕಟ್ಟಿದರು. 2011ರಲ್ಲಿ ಅದನ್ನು ಶಾಲಾ ಶಿಕ್ಷಕರಿಗಾಗಿ ಪುಸ್ತಕವಾಗಿ ಬರೆದರು. ಅವರ ಸಂಸ್ಥೆ ರೈಟ್ ಕ್ವೆಶ್ಚನ್ ಇನ್‌ಸ್ಟಿಟ್ಯೂಟ್.

ವಿಧಾನ ಎಷ್ಟು ಸರಳ ಅಂದರೆ ಹೇಳುವುದಕ್ಕೇ ಸಂಕೋಚವಾಗುತ್ತದೆ. ಬೋರ್ಡಿನ ಮೇಲೆ ಒಂದು ಹೇಳಿಕೆ ಬರೆಯಬೇಕು. ಪ್ರಶ್ನೆ ಬರೆಯಬಾರದು, ಹೇಳಿಕೆಯನ್ನೇ ಬರೆಯಬೇಕು. ಮಕ್ಕಳು ಗುಂಪಾಗಿ ಕೂತು ಅದರ ಬಗ್ಗೆ ಆದಷ್ಟು ಪ್ರಶ್ನೆ ಕೇಳುತ್ತಾ ಹೋಗಬೇಕು. ಮಧ್ಯೆ ನಿಂತು ಚರ್ಚೆ ಮಾಡುವಂತಿಲ್ಲ, ಉತ್ತರ ಹೇಳುವಂತಿಲ್ಲ, ಇದು ಒಳ್ಳೆಯ ಪ್ರಶ್ನೆ ಅದು ಕೆಟ್ಟದ್ದು ಅನ್ನುವಂತಿಲ್ಲ. ಬಾಯಿಂದ ಹೇಗೆ ಬಂತೋ ಹಾಗೇ ಬರೆದುಕೊಳ್ಳಬೇಕು. ಯಾರಾದರೂ ಪ್ರಶ್ನೆಯ ಬದಲು ಅಭಿಪ್ರಾಯ ಹೇಳಿದರೆ ಅದನ್ನೂ ಪ್ರಶ್ನೆಗೆ ತಿರುಗಿಸಬೇಕು. ಆಮೇಲೆ ಹೌದು-ಇಲ್ಲ ಎಂದು ಮುಗಿಯುವವು ಯಾವುವು, ಮುಗಿಯದವು ಯಾವುವು ಅಂತ ನೋಡಿ, ಒಂದನ್ನು ಇನ್ನೊಂದಾಗಿ ಬದಲಾಯಿಸಿ ನೋಡಬೇಕು. ಕೊನೆಗೆ ತಮಗೆ ಮುಖ್ಯ ಅನ್ನಿಸಿದ ಮೂರನ್ನು ಆರಿಸಿಕೊಳ್ಳಬೇಕು.

ಇದನ್ನು ನಮ್ಮ ಕಾದಂಬರಿಗೆ ಹೇಗೆ ಹಚ್ಚುವುದು? ಒಂದೇ ಪುಸ್ತಕ ಇಟ್ಟುಕೊಂಡು ಹೇಳುತ್ತೇನೆ. ಶಿವರಾಮ ಕಾರಂತರ 'ಚೋಮನ ದುಡಿ'. 1933ರಲ್ಲಿ ಬಂದದ್ದು. ಧಣಿಯ ಆಳಾಗಿ ದುಡಿಯುವ, ಅಸ್ಪೃಶ್ಯ ಜಾತಿಯ ಚೋಮನ ಕಥೆ; ದುಡಿ ಅಂದರೆ ಅವನು ಬಾರಿಸುವ ಚರ್ಮವಾದ್ಯ. ಚಿಕ್ಕ ಪುಸ್ತಕ, ಹಟ ಹಿಡಿದರೆ ಒಂದು ಭಾನುವಾರದಲ್ಲಿ ಮುಗಿಯುತ್ತದೆ. ಆ ಒಂದು ಕಾರಣಕ್ಕೇ ನಾನು ಇದನ್ನು ಆರಿಸುತ್ತೇನೆ. ಪೂರ್ತಿ ಓದದ ಕಾದಂಬರಿಯ ಮೇಲೆ ಯಾವ ವಿಧಾನವೂ ನಡೆಯುವುದಿಲ್ಲ.

ನಾನು ಬೋರ್ಡಿನ ಮೇಲೆ ಬರೆಯುವುದು ಇಷ್ಟು: "ಚೋಮನ ಹತ್ತಿರ ಒಂದು ಜೊತೆ ಎತ್ತು ಇದೆ. ಬೇಸಾಯಕ್ಕೆ ಭೂಮಿ ಇಲ್ಲ."

'ಚೋಮನ ದುಡಿಯಲ್ಲಿ ಜಾತಿ ವ್ಯವಸ್ಥೆ' ಅಂತ ಬರೆಯಬಹುದಿತ್ತು. ಬರೆದಿದ್ದರೆ ಅದು ಪ್ರಬಂಧದ ತಲೆಬರಹವಾಗುತ್ತಿತ್ತು, ಮಕ್ಕಳು ಕೂಡಲೇ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಯೋಚಿಸಲು ಶುರುಮಾಡುತ್ತಿದ್ದರು. ಹೇಳಿಕೆಯಲ್ಲಿ ಕಣ್ಣಿಗೆ ಕಾಣುವ ಒಂದು ವಸ್ತು ಇರಬೇಕು. ಜೊತೆಗೆ ಎಲ್ಲೋ ಒಂದು ಕಡೆ ಲೆಕ್ಕ ತಾಳೆಯಾಗಬಾರದು. ಎತ್ತು ಇದೆ, ಭೂಮಿ ಇಲ್ಲ. ಹೊಲ ಗದ್ದೆ ಇರುವ ಮನೆಯ ಮಕ್ಕಳಿಗೆ ಇದು ತಕ್ಷಣ ಚುಚ್ಚುತ್ತದೆ.

ಮೊದಲು ಬರುವ ಪ್ರಶ್ನೆಗಳು ಪೇಪರಿನಿಂದ ಎದ್ದು ಬಂದಂತಿರುತ್ತವೆ. ಚೋಮನ ಮಕ್ಕಳ ಹೆಸರೇನು? ಅವನ ಧಣಿ ಯಾರು? ಬರಲಿ ಬಿಡಿ. ಆಮೇಲೆ ಒಂದು ಖಾಲಿ ಹೊತ್ತು ಬರುತ್ತದೆ. ಎಲ್ಲರೂ ಪೆನ್ನು ಕಚ್ಚುತ್ತಾ ಫ್ಯಾನು ನೋಡುತ್ತಾರೆ. ಆಗ ನಾವು ಬಾಯಿ ಹಾಕಬಾರದು. ಮೇಷ್ಟ್ರ ಕೆಲಸದಲ್ಲಿ ಇದಕ್ಕಿಂತ ಕಷ್ಟದ್ದು ನನಗೆ ಗೊತ್ತಿಲ್ಲ. ನಮಗೆ ಮಾತಾಡಿಯೇ ಸಂಬಳ ಅಲ್ವಾ! ಆ ಖಾಲಿ ಹೊತ್ತು ದಾಟಿದ ಮೇಲೆ ಬರುವ ಪ್ರಶ್ನೆಗಳೇ ಬೇರೆ. ಎತ್ತು ಎಲ್ಲಿಂದ ಬಂತು? ಮೇವು ಯಾರು ಹಾಕುತ್ತಾರೆ? ಸಾಲ ಇದ್ದರೂ ಎತ್ತು ಯಾಕೆ ಮಾರಲಿಲ್ಲ? ಮಗಳು ಬೆಳ್ಳಿಯ ಅಮ್ಮ ಎಲ್ಲಿ? ಒಬ್ಬ ಹುಡುಗಿ ಕೇಳಿದ್ದು ಇದು: "ಎತ್ತು ಇಟ್ಕೊಳ್ಳೋಕೆ ಬಿಟ್ಟೋರು ಬೇಸಾಯ ಮಾಡೋಕೆ ಯಾಕೆ ಬಿಡಲಿಲ್ಲ?"

ಇಂಥದ್ದು ಕಿವಿಗೆ ಬಿದ್ದಾಗ ನಮ್ಮ ಬಾಯಿಂದ "ವೆರಿ ಗುಡ್!" ಬಂದುಬಿಡುತ್ತದೆ. ತಡೆದುಕೊಳ್ಳಿ. ಒಬ್ಬರಿಗೆ ವೆರಿ ಗುಡ್ ಸಿಕ್ಕ ಕೂಡಲೇ ಉಳಿದವರೆಲ್ಲ ಆ ಥರದ್ದನ್ನೇ ಹುಡುಕಲು ಶುರುಮಾಡುತ್ತಾರೆ. ಮೇವಿನ ಪ್ರಶ್ನೆ ಕೇಳಿದ ಹುಡುಗ ತನ್ನದನ್ನು ಮೆಲ್ಲಗೆ ಹೊಡೆದು ಹಾಕುತ್ತಾನೆ.

ಮೇವಿನ ಪ್ರಶ್ನೆ ಹೊಡೆದು ಹಾಕಬಾರದು. ನಾನು ಇವತ್ತು ಇಲ್ಲಿ ಹೇಳಲು ಬಂದಿರುವ ವಿಷಯ ಅದೇ. ನಮಗೆ ದೊಡ್ಡ ಪ್ರಶ್ನೆಗಳ ಹುಚ್ಚು. ಕಾದಂಬರಿಯಲ್ಲಿ ಮಾನವೀಯ ಮೌಲ್ಯಗಳು, ಸ್ತ್ರೀ ಸಂವೇದನೆ, ಆಧುನಿಕತೆಯ ಬಿಕ್ಕಟ್ಟು. ಮಕ್ಕಳು ಇವನ್ನು ಕೇಳಿದರೆ ನಮಗೆ ಖುಷಿ, ಆದರೆ ಇವು ಅವರವಲ್ಲ, ಯಾರದೋ ನೋಟ್ಸಿನಿಂದ ಬಂದವು. ಓದುವಾಗ ನಿಜವಾಗಿ ತಲೆಗೆ ಬರುವುದು ಸಣ್ಣ ಪ್ರಶ್ನೆ. ದುಡ್ಡಿನದ್ದು, ಊಟದ್ದು, ದಾರಿಯದ್ದು, ಯಾರ ಕೆಲಸ ಯಾರು ಮಾಡಿದರು ಅನ್ನುವುದು. ಅದನ್ನು ಬಿಡದೆ ಬೆನ್ನಟ್ಟಿದರೆ ದೊಡ್ಡದು ತಾನಾಗಿ ಸಿಗುತ್ತದೆ.

ಎತ್ತಿನ ಪ್ರಶ್ನೆಯನ್ನೇ ತಗೊಳ್ಳಿ. "ಎತ್ತು ಚೋಮನ ಆಸೆಯ ಸಂಕೇತ" ಎಂದು ನಾವು ಹೇಳಿದರೆ ಕಥೆ ಮುಗಿಯಿತು. ತಪ್ಪೇನಲ್ಲ, ಆದರೆ ಮುಗಿಯಿತು. ಹೇಳದೆ ಮಕ್ಕಳನ್ನು ಪುಸ್ತಕಕ್ಕೇ ವಾಪಸ್ ಕಳಿಸಿದರೆ ಅವರು ಒಂದೊಂದೇ ಹೆಕ್ಕಿಕೊಂಡು ಬರುತ್ತಾರೆ. ಎತ್ತು ಕೊಂಡದ್ದಲ್ಲ. ಕಾಡಿನಲ್ಲಿ ಸಿಕ್ಕವು, ಚೋಮ ಸಾಕಿಕೊಂಡ. ಇನ್ನೊಬ್ಬರ ಗದ್ದೆಯಲ್ಲಿ ಚೋಮ ದುಡಿಯಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಒಂದು ತುಂಡು ಭೂಮಿ ಗೇಣಿಗೆ ಪಡೆದು ತನ್ನದು ಅಂತ ಬೇಸಾಯ ಮಾಡಬಾರದು, ಅಷ್ಟೇ. ಧಣಿ ಸಂಕಪ್ಪಯ್ಯನಿಗೆ ಕೊಡುವ ಮನಸ್ಸು ಸ್ವಲ್ಪ ಇದೆ. ತಾಯಿ ಒಪ್ಪುವುದಿಲ್ಲ. ಇಲ್ಲಿಗೆ ಬಂದಾಗ ಮಕ್ಕಳೇ ಹೊಸ ಪ್ರಶ್ನೆ ಎತ್ತುತ್ತಾರೆ: ಆ ಮನೆಯಲ್ಲಿ ಯಜಮಾನ ಯಾರು? ಭೂಮಿ ಕೊಡದಿದ್ದರೆ ಆ ಮುದುಕಿಗೆ ಲಾಭ ಏನು?

ಒಂದು ಸಲ ಹುಡುಗನೊಬ್ಬ ಇನ್ನೂ ದೂರ ಹೋದ. ಅವನ ಮನೆಯಲ್ಲಿ ದೇವರಾಜ ಅರಸು ಫೋಟೋ ಇದೆಯಂತೆ. ತಾತ ಗೇಣಿದಾರ, ಭೂ ಸುಧಾರಣೆಯಲ್ಲಿ ಜಮೀನು ಬಂದ ಮನೆ ಅದು. ಅವನು ಕೇಳಿದ: "ಉಳುವವನೇ ಹೊಲದೊಡೆಯ ಅಂತ ಬಂತಲ್ಲ ಸಾರ್, ಚೋಮ ಬದುಕಿದ್ದಿದ್ರೆ ಅವನಿಗೂ ಸಿಗ್ತಿತ್ತಾ?"

ಇದಕ್ಕೆ ಉತ್ತರ ಕಾದಂಬರಿಯಲ್ಲಿಲ್ಲ. ಕಾದಂಬರಿ ಬಂದು ನಲವತ್ತು ವರ್ಷ ಆದ ಮೇಲಿನ ಕಾನೂನು ಅದು. 1961ರ ಭೂ ಸುಧಾರಣಾ ಕಾಯ್ದೆಗೆ ಆದ ದೊಡ್ಡ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಫಾರಂ 7 ತುಂಬಿ, ತಾವು ಉಳುತ್ತಿದ್ದ ಜಮೀನಿನ ಒಡೆತನಕ್ಕಾಗಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ದಕ್ಷಿಣ ಕನ್ನಡದಂಥ ಕಡೆ, ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ವರ್ಷಾವಧಿ ಗೇಣಿ) ಅಂತ ತಲೆಮಾರುಗಳಿಂದ ಗೇಣಿ ಅಳೆದ ಎಷ್ಟೋ ಮನೆಗಳು ಅದರಿಂದ ತಲೆಯೆತ್ತಿದವು. ಆದರೆ ಅರ್ಜಿ ಹಾಕಲು ಮೊದಲು ಗೇಣಿದಾರ ಆಗಿರಬೇಕಿತ್ತು. ಚೋಮ ಗೇಣಿದಾರನಲ್ಲ. ಅವನನ್ನು ಗೇಣಿದಾರ ಆಗಲು ಬಿಟ್ಟಿದ್ದರೆ ಈ ಕಾದಂಬರಿಯೇ ಇರುತ್ತಿರಲಿಲ್ಲ. ಅವನಂಥ ಆಳಿಗೆ ಕಾಯ್ದೆಯಲ್ಲಿ ಇದ್ದದ್ದು ಗುಡಿಸಲು ನಿಂತ ಜಾಗದ ಹಕ್ಕು.

ಇದನ್ನು ಅವರೇ ಹುಡುಕಿಕೊಂಡು ಬಂದ ದಿನ ಕ್ಲಾಸು ಸುಮ್ಮನಾಗಿತ್ತು. ಜಮೀನು ಬಂದ ಮನೆಯವರೂ ಬರದ ಮನೆಯವರೂ ಒಂದೇ ಬೆಂಚಿನಲ್ಲಿ ಕೂತಿದ್ದರು. 'ಚೋಮನ ದುಡಿಯಲ್ಲಿ ಜಾತಿ ವ್ಯವಸ್ಥೆ' ಅಂತ ನಾನು ವಾರಗಟ್ಟಲೆ ಪಾಠ ಮಾಡಿದ್ದರೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ಒಂದೇ ಬೆಂಚು ಅಂದೆ. ಅಲ್ಲೇ ಒಂದು ಎಚ್ಚರಿಕೆಯೂ ಬೇಕು. ಈ ಕಾದಂಬರಿಯಲ್ಲಿ ಒಂದು ಮಗು ನೀರಿನಲ್ಲಿ ಮುಳುಗುತ್ತದೆ. ದಡದಲ್ಲಿ ಜನ ಇದ್ದಾರೆ, ಮುಟ್ಟಬೇಕಾಗುತ್ತದಲ್ಲ ಎಂದು ಯಾರೂ ಇಳಿಯುವುದಿಲ್ಲ. ಅದನ್ನು ಗಟ್ಟಿಯಾಗಿ ಓದಿ, "ಈಗ ಎಲ್ಲರೂ ಪ್ರಶ್ನೆ ಕೇಳಿ" ಎನ್ನುವುದು ಸಲೀಸಾದ ಕೆಲಸ ಅಲ್ಲ. ಕ್ಲಾಸಿನಲ್ಲಿರುವ ದಲಿತ ಮಕ್ಕಳ ಕಡೆ ಹತ್ತು ಕಣ್ಣು ತಿರುಗುತ್ತವೆ. ಹಾಗಾಗಿ ಇಂಥ ಕಡೆ ನಾನು ಮಾತಿನಲ್ಲಿ ಕೇಳಿಸುವುದಿಲ್ಲ. ಚೀಟಿ ಕೊಡುತ್ತೇನೆ, ಹೆಸರು ಬರೆಯುವುದು ಬೇಡ. ಚೀಟಿಗಳನ್ನು ಡಬ್ಬಿಗೆ ಹಾಕಿ, ಕಲಸಿ, ನಾನೇ ಓದುತ್ತೇನೆ. ಕೆಲವು ಓದುವುದಿಲ್ಲ, ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಅನ್ನುವುದು ಮೇಷ್ಟ್ರ ವಿವೇಕಕ್ಕೆ ಬಿಟ್ಟದ್ದು. ಅಮೆರಿಕದ ವಿಧಾನದಲ್ಲಿ ಇದಕ್ಕೆ ನಿಯಮ ಇಲ್ಲ.

ಚೀಟಿಯಲ್ಲಿ ಬಂದ ಒಂದು ಪ್ರಶ್ನೆ ಹೇಳುತ್ತೇನೆ. "ಕಾರಂತರು ಬ್ರಾಹ್ಮಣರು. ಚೋಮನ ಮನಸ್ಸಿನಲ್ಲಿ ಇದ್ದದ್ದು ಅವರಿಗೆ ಹೇಗೆ ಗೊತ್ತು?" ಓದುವಾಗ ನನಗೂ ಒಂದು ಕ್ಷಣ ತಡವರಿಸಿತು. ನಮ್ಮಲ್ಲಿ ಅನೇಕರಿಗೆ ಇದು ಉದ್ಧಟತನ ಅನ್ನಿಸಬಹುದು. ಕಾರಂತರ ಬಗ್ಗೆ ಹೀಗೆ ಕೇಳಬಹುದಾ? ಕೇಳಬಹುದು. ದೊಡ್ಡ ಲೇಖಕರನ್ನು ಕಾಪಾಡುವುದು ನಮ್ಮ ಕೆಲಸ ಅಲ್ಲ, ಅವರ ಪುಸ್ತಕಕ್ಕೆ ಆ ತಾಕತ್ತು ಇದೆ. ಹೊಗಳಿಯೋ ಬೈದೋ ಅದಕ್ಕೆ ಉತ್ತರ ಕೊಡಲು ಹೋಗದೆ, ಪಕ್ಕದಲ್ಲಿ ದಲಿತ ಲೇಖಕ ದೇವನೂರ ಮಹಾದೇವರ 'ಒಡಲಾಳ' ಇಟ್ಟೆ. ಅಲ್ಲಿ ಸಾಕವ್ವ ಕಳೆದುಹೋದ ತನ್ನ ಹುಂಜ ಹುಡುಕುತ್ತಿದ್ದಾಳೆ. ಎರಡರಲ್ಲೂ ಮನೆಯೊಳಗೆ ಜನ ಹೇಗೆ ಮಾತಾಡುತ್ತಾರೆ, ಏನಕ್ಕೆ ನಗುತ್ತಾರೆ ನೋಡಿಕೊಂಡು ಬನ್ನಿ ಎಂದೆ. 'ಒಡಲಾಳ'ದ ಮನೆಯಲ್ಲಿ ನಗು ಎಷ್ಟಿದೆ ಅನ್ನುವುದನ್ನು ಮೊದಲು ಗುರುತಿಸಿದ್ದು ಮಕ್ಕಳೇ.

ಎಲ್ಲ ಪ್ರಶ್ನೆಯೂ ಇಷ್ಟು ಭಾರದ್ದೇ ಆಗಬೇಕಿಲ್ಲ. ತೇಜಸ್ವಿಯವರ 'ಕರ್ವಾಲೊ' ಎಲ್ಲರಿಗೂ ಗೊತ್ತು, 1980ರದ್ದು. ವಿಜ್ಞಾನಿ ಕರ್ವಾಲೊ, ಮಂದಣ್ಣ, ಪ್ಯಾರ, ಕರಿಯಪ್ಪ, ಕಿವಿ ಎಂಬ ನಾಯಿ, ಎಲ್ಲ ಸೇರಿ ಹಾರುವ ಓತಿಯ ಹಿಂದೆ ಕಾಡು ಸುತ್ತುತ್ತಾರೆ. ಕೊನೆಗೆ ಅದು ಕಣಿವೆಯ ಕಡೆ ತೇಲಿ ಹೋಗುತ್ತದೆ. ಬಯಲುಸೀಮೆಯ ಕ್ಲಾಸಿನಲ್ಲಿ ಮೊದಲ ಪ್ರಶ್ನೆ, "ಅಂಥ ಪ್ರಾಣಿ ನಿಜವಾಗ್ಲೂ ಇದೆಯಾ?" ಮಲೆನಾಡಿನ ಹುಡುಗನದ್ದು ಬೇರೆ. "ನಮ್ಮ ಅಡಿಕೆ ತೋಟದಲ್ಲೇ ಇರುತ್ತೆ ಸಾರ್. ಇವರು ಯಾಕೆ ಕಾಡೆಲ್ಲ ಅಲೆದ್ರು?" ಅವನು ಹೇಳಿದ್ದು ನಿಜ. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಹಾರುವ ಓತಿ ಅಪರೂಪವೇನಲ್ಲ. ಮರದ ತೊಗಟೆಯ ಬಣ್ಣದಲ್ಲೇ ಇರುವುದರಿಂದ ಕಣ್ಣಿಗೆ ಬೀಳುವುದು ಕಡಿಮೆ, ಅಷ್ಟೇ. ಹಾಗಾದರೆ ಅವರು ಹುಡುಕಿದ್ದು ಯಾವ ಓತಿಯನ್ನು? ತೋಟದಲ್ಲಿರುವುದನ್ನೇ ನೋಡಿದ್ದರೆ ಸಾಲುತ್ತಿರಲಿಲ್ಲವಾ? ಕರ್ವಾಲೊ ಅದರಲ್ಲಿ ಏನು ಕಂಡರು, ಮಂದಣ್ಣ ಏನು ಕಂಡ? 'ಕರ್ವಾಲೊ ಕಾದಂಬರಿಯಲ್ಲಿ ವಿಜ್ಞಾನ ಮತ್ತು ಅಧ್ಯಾತ್ಮ' ಎಂಬ ಗೈಡಿನ ಶೀರ್ಷಿಕೆ ಎಲ್ಲಿಗೆ ಹೋಗಬೇಕೆಂದು ಪರದಾಡುತ್ತದೋ, ಅಡಿಕೆ ತೋಟದ ಹುಡುಗ ಒಂದೇ ಜಿಗಿತಕ್ಕೆ ಅಲ್ಲಿಗೆ ಹೋಗಿ ಕೂತಿದ್ದ.

ಪ್ರಶ್ನೆ ತಿರುಗಿಸುವ ಕಸರತ್ತಿನ ಬಗ್ಗೆ ಒಂದು ಮಾತು. ಕ್ರೈಸ್ತನಾದರೆ ಚೋಮನಿಗೆ ಭೂಮಿ ಸಿಗುವ ಆಸೆ ಇತ್ತು. 'ಚೋಮ ಮತಾಂತರ ಆದನಾ?' ಎಂಬುದಕ್ಕೆ ಇಲ್ಲ ಅಂದರೆ ಮುಗಿಯಿತು. 'ಮಗ ಗುರುವ ಮತಾಂತರ ಆದ, ಅಪ್ಪನ ಕೈಲಿ ಯಾಕೆ ಆಗಲಿಲ್ಲ?' ಅಂತ ತಿರುಗಿಸಿದರೆ ಭೂಮಿಯ ಆಸೆ ಒಂದು ಕಡೆ, ತಾನು ನಂಬಿದ ದೈವ ಇನ್ನೊಂದು ಕಡೆ, ಎರಡೂ ಒಟ್ಟಿಗೆ ಎದುರಿಗೆ ಬರುತ್ತವೆ. ಇದು ಉಪಯೋಗದ ಅಭ್ಯಾಸ. ಆದರೆ ಮುಚ್ಚಿದ ಪ್ರಶ್ನೆ ಕೀಳು, ತೆರೆದದ್ದು ಮೇಲು ಎಂದು ಮಾತ್ರ ಹೇಳಿಕೊಡಬೇಡಿ. "ಚೋಮನ ಮನೆಯಿಂದ ಕಾಫಿ ತೋಟಕ್ಕೆ ನಡೆದು ಹೋಗಬಹುದಾ?" ಇದು ಹೌದು-ಇಲ್ಲದ ಪ್ರಶ್ನೆಯೇ. ಉತ್ತರ ಹುಡುಕಲು ಹೊರಟರೆ ಘಟ್ಟ ಹತ್ತಬೇಕಾಗುತ್ತದೆ, ಮಲೇರಿಯಾದ ಕಾಲದ ಘಟ್ಟ. ಸಾಲ ತೀರಿಸಲು ಅಲ್ಲಿಗೆ ಹೋದ ಹಿರಿಯ ಮಗ ಜ್ವರಕ್ಕೆ ಸಿಕ್ಕಿ ಸತ್ತ. ಯಾಕೆ ಎಂದು ಆಗ ಅರ್ಥವಾಗುತ್ತದೆ.

ನನ್ನ ಮಾತು ಇಷ್ಟು. ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತೇನೆ.

ಒಬ್ಬ ಮೇಡಂ ಕೇಳಿದರು: "ಇದೆಲ್ಲ ಚೆನ್ನಾಗಿದೆ. ಸೆಮಿಸ್ಟರಿನಲ್ಲಿ ಪೋರ್ಷನ್ ಮುಗಿಸೋದೇ ಕಷ್ಟ. ಇದಕ್ಕೆ ಟೈಮ್ ಎಲ್ಲಿದೆ?"

ಇಡೀ ಕಾದಂಬರಿಗೆ ಒಂದು ಸಲ ಮಾಡಿದರೆ ಸಾಕು, ಒಂದು ಪೀರಿಯಡ್ಡು. ಆದರೆ ಪಾಠದ ಕೊನೆಗೆ ಇಟ್ಟುಕೊಳ್ಳಬೇಡಿ, ಮಕ್ಕಳು ಓದಿ ಬಂದ ಮೇಲೆ, ನೀವು ವಿವರಿಸುವ ಮೊದಲು ಮಾಡಿ. ಅವರು ಆರಿಸಿದ ಪ್ರಶ್ನೆಗಳನ್ನು ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಿ. ಮುಂದಿನ ಪಾಠಗಳಲ್ಲಿ ಆ ಭಾಗ ಬಂದಾಗ ಅವರೇ ಎಚ್ಚರಿಸುತ್ತಾರೆ. ನೀವು ವಿವರಿಸಬೇಕಾದದ್ದರಲ್ಲಿ ಒಂದಷ್ಟು ತಾನಾಗಿ ಕಡಿಮೆಯಾಗುತ್ತದೆ. ಇನ್ನು ಇಂಟರ್ನಲ್ಸ್ ಅಂಕ ನಿಮ್ಮ ಕೈಯಲ್ಲೇ ಇದೆಯಲ್ಲ. ಅಸೈನ್‌ಮೆಂಟಿಗೆ ಪಾತ್ರ ಚಿತ್ರಣ ಕೊಟ್ಟರೆ ಎಲ್ಲರೂ ಒಂದೇ ಗೈಡ್ ನೋಡಿ ಬರೆಯುತ್ತಾರೆ. ನೀವೂ ಒಂದೇ ಪುಟವನ್ನು ಎಪ್ಪತ್ತು ಸಲ ತಿದ್ದುತ್ತೀರಿ. ಅದರ ಬದಲು ಅವರದೇ ಒಂದು ಪ್ರಶ್ನೆ, ಅದನ್ನು ಹಿಡಿದು ಎಲ್ಲೆಲ್ಲಿ ಹುಡುಕಿದರು, ಏನು ಸಿಕ್ಕಿತು, ಏನು ಸಿಗಲಿಲ್ಲ, ಎರಡು ಪುಟ. ತಿದ್ದಲೂ ಬೇಜಾರಾಗುವುದಿಲ್ಲ.

ಇನ್ನೊಬ್ಬರು ಹಿಂದಿನಿಂದ: "ಸಾರ್, ಈಗ ಪ್ರಶ್ನೆಯನ್ನೂ ಚಾಟ್‌ಜಿಪಿಟಿ ಹತ್ರವೇ ಮಾಡಿಸ್ಕೊಂಡು ಬರ್ತಾರೆ. ಏನ್ ಮಾಡ್ತೀರಿ?"

ಸಭೆ ನಕ್ಕಿತು, ನಾನೂ ನಕ್ಕೆ. ಮಾಡಿಸಿಕೊಂಡು ಬರುತ್ತಾರೆ, ಬಂದಿದ್ದಾರೆ. ಹಾಗೆ ಬಂದವು ಬಹುತೇಕ ದೊಡ್ಡ ಪ್ರಶ್ನೆಗಳು: 'ಚೋಮನ ದುಡಿಯಲ್ಲಿ ದುಡಿ ಏನನ್ನು ಪ್ರತಿನಿಧಿಸುತ್ತದೆ' ಎಂಬ ಜಾತಿಯವು. ಹಾಗಾಗಿ ನಾನು ಪ್ರಶ್ನೆಯ ಪಕ್ಕದಲ್ಲಿ ಪುಟದ ಸಂಖ್ಯೆ ಕೇಳುತ್ತೇನೆ, ಯಾವ ಸಾಲು ಓದುವಾಗ ಈ ಪ್ರಶ್ನೆ ಬಂತು ಅಂತ ಆ ಸಾಲನ್ನೂ ಬರೆಯಿಸುತ್ತೇನೆ. ಎಲ್ಲರ ಹತ್ತಿರವೂ ಒಂದೇ ಮುದ್ರಣ ಇರುವುದಿಲ್ಲ, ಆದ್ದರಿಂದ ಪುಸ್ತಕವನ್ನೇ ತರಬೇಕು, ತೆರೆದು ತೋರಿಸಬೇಕು. ಮೊಬೈಲಿನಿಂದ ಬಂದ ಪ್ರಶ್ನೆ ಆದರೂ ಪರವಾಗಿಲ್ಲ ಎಂದೇ ಹೇಳುತ್ತೇನೆ, ಅದು ಎದ್ದ ಸಾಲನ್ನು ನೀನು ಹುಡುಕಿ ತೋರಿಸು. ಹುಡುಕಲು ಕೂತವರು ಹೇಗೂ ಒಂದಷ್ಟು ಪುಟ ಓದಲೇಬೇಕು. ಈ ವರ್ಷ ಹಾಗೆ ಹುಡುಕಲು ಹೋದ ಒಬ್ಬ, ಮೊಬೈಲಿನ ಪ್ರಶ್ನೆ ಬಿಟ್ಟು ಬೇರೆಯದನ್ನೇ ಬರೆದುಕೊಂಡು ಬಂದ: "ಚೋಮ ದುಡಿ ಬಾರಿಸಿದಾಗೆಲ್ಲ ಊರಿನವರಿಗೆ ಕೇಳಿಸುತ್ತಿತ್ತಾ?"